ಸಾಮಾಯಿಕದಲ್ಲಿ ಮರೆವೆಂಬ ಅತಿಚಾರ

ಶ್ರಾವಕನ ಹನ್ನೆರಡು ವ್ರತಗಳಲ್ಲಿ ಸಾಮಾಯಿಕ, ಪ್ರೋಷಧೋಪವಾಸಗಳೆಂಬ ಎರಡು ಶಿಕ್ಷಾವ್ರತಗಳು ಅಕ್ಕಪಕ್ಕದಲ್ಲಿ ನಿಂತಿವೆ. ಒಂದು ಕುಳಿತು ಆಚರಿಸುವ ವ್ರತ. ಮತ್ತೊಂದು ಆಹಾರವನ್ನು ತ್ಯಜಿಸಿ ಆಚರಿಸುವ ವ್ರತ. ಹೊರನೋಟಕ್ಕೆ ಇವೆರಡರ ವಿಧಿಯೂ ಬೇರೆ, ಕಷ್ಟವೂ ಬೇರೆ. ಆದರೂ ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಒಂದೊಂದು ವ್ರತಕ್ಕೂ ಐದೈದು ಅತಿಚಾರಗಳನ್ನು ಎಣಿಸುವಾಗ ಈ ಎರಡರ ಕೊನೆಯಲ್ಲಿಯೂ ಒಂದೇ ಜೋಡಿಯನ್ನು ಇಟ್ಟಿದ್ದಾರೆ: ಅನಾದರ ಮತ್ತು ಸ್ಮೃತ್ಯನುಪಸ್ಥಾನ. ವ್ರತದಲ್ಲಿ ಉತ್ಸಾಹವಿಲ್ಲದಿರುವುದು ಅನಾದರ. ನೆನಪು ಬೇಕಾದ ಹೊತ್ತಿನಲ್ಲಿ ಬಳಿಯಲ್ಲಿ ಇಲ್ಲದಿರುವುದು ಸ್ಮೃತ್ಯನುಪಸ್ಥಾನ. ಸಮಂತಭದ್ರಾಚಾರ್ಯರು ರತ್ನಕರಂಡ ಶ್ರಾವಕಾಚಾರದಲ್ಲಿ ಇದನ್ನೇ ಅಸ್ಮರಣ ಎಂಬ ಸುಲಭವಾದ ಮಾತಿನಲ್ಲಿ ಹೇಳಿದ್ದಾರೆ.

ಇಲ್ಲಿ ಒಂದು ಸಂದೇಹ ಏಳುವುದು ಸಹಜ. ಮರೆತವನು ಬೇಕೆಂದು ಮರೆಯುವುದಿಲ್ಲ. ಬೇಕೆಂದು ಮಾಡದ್ದಕ್ಕೆ ದೋಷವೇಕೆ? ವಯಸ್ಸಾದವರು ಪಾಠದ ನಡುವೆ ಸಾಲು ತಪ್ಪಿದರೆ, ಮಗು ಮಂತ್ರದ ಒಂದು ಪದವನ್ನು ನುಂಗಿದರೆ ಅದು ವ್ರತದ ಮಲಿನತೆಯೇ? ಆಚಾರ್ಯರು ಅಷ್ಟು ಕಠಿಣರಲ್ಲ. ಶಕ್ತಿಯ ಕೊರತೆಯಿಂದ ಬರುವ ಮರೆವು ಬೇರೆ, ಮನಸ್ಸು ಬೇರೊಂದರ ವಶವಾಗಿರುವುದರಿಂದ ಬರುವ ಮರೆವು ಬೇರೆ. ಅತಿಚಾರದ ಮಾತು ಬರುವುದು ಎರಡನೆಯದಕ್ಕೆ.

ಹೊಳಲ್ಕೆರೆಯ ಕಡೆಯ ಅಡಿಕೆ ತೋಟದ ಮನೆಯೊಂದನ್ನು ಕಲ್ಪಿಸಿಕೊಳ್ಳಬಹುದು. ಚತುರ್ದಶಿಯ ಬೆಳಿಗ್ಗೆ ಆ ಮನೆಯ ಯಜಮಾನನು ನಾಲ್ಕು ದಿಕ್ಕುಗಳಿಗೂ ಆವರ್ತ, ಶಿರೋನತಿಗಳನ್ನು ವಿಧಿಪೂರ್ವಕ ಮಾಡಿ ಸಾಮಾಯಿಕಕ್ಕೆ ಕುಳಿತಿದ್ದಾನೆ. ಕೈಯಲ್ಲಿ ಜಪಮಾಲೆ, ನಾಲಿಗೆಯ ಮೇಲೆ ಪಂಚನಮಸ್ಕಾರ ಮಂತ್ರ. ಮೂರನೆಯ ಮಣಿಗೆ ಮನಸ್ಸು ಭೀಮಸಮುದ್ರದ ಅಡಿಕೆ ಮಂಡಿಗೆ ಹೋಯಿತು. ತನ್ನನ್ನು ಒಂದು ಮಾತು ಕೇಳದೆ ತಮ್ಮನು ಕಳೆದ ವಾರ ಮಾಲನ್ನು ಇಳಿದ ಧಾರಣೆಗೆ ಕೊಟ್ಟುಬಿಟ್ಟನಲ್ಲ ಎಂಬ ನೋವು ಎದ್ದಿತು. ಮನಸ್ಸು ಮರಳಿ ಬಂದಾಗ ಬೆರಳು ಅರವತ್ತನೆಯ ಮಣಿಯ ಮೇಲಿದೆ. ನಾಲಿಗೆ ತಪ್ಪಿಲ್ಲ, ಬೆರಳೂ ತಪ್ಪಿಲ್ಲ. ಆದರೆ ನಡುವಿನ ಮಣಿಗಳಲ್ಲಿ ಯಾರಿಗೆ ನಮಸ್ಕಾರ ಸಂದಿತು ಎಂಬುದನ್ನು ಅವನು ಹೇಳಲಾರ.

ಅಷ್ಟು ಹೊತ್ತು ಅವನ ಮನಸ್ಸು ಚದರಿಹೋಗಿತ್ತೆಂದು ಲೋಕ ಹೇಳುತ್ತದೆ. ವಿಚಾರಿಸಿ ನೋಡಿದರೆ ಹಾಗಿಲ್ಲ. ಧಾರಣೆಯ ಅಂಕಿ ಅವನಿಗೆ ರೂಪಾಯಿ ತಪ್ಪದಂತೆ ನೆನಪಿತ್ತು. ತಮ್ಮನು ಆಡಿದ ಮಾತು, ಆಗ ಅವನ ಮುಖದ ಮೇಲಿದ್ದ ಭಾವ, ತಾನು ಕೊಡಬೇಕಾಗಿದ್ದ ಉತ್ತರ, ನಾಳೆ ಕೊಡಲಿರುವ ಉತ್ತರ ಎಲ್ಲವೂ ಒಂದರ ಹಿಂದೆ ಒಂದು ಸರಿಯಾದ ಕ್ರಮದಲ್ಲಿ ಬಂದವು. ಪಕ್ಕದಲ್ಲಿ ಪಾತ್ರೆ ಬಿದ್ದರೂ ಅವನಿಗೆ ಕೇಳಿಸುತ್ತಿರಲಿಲ್ಲ. ಇದು ಏಕಾಗ್ರತೆಯಲ್ಲದೆ ಮತ್ತೇನು? ಆದ್ದರಿಂದಲೇ ಜಿನಾಗಮವು ದುಃಖದಲ್ಲಿ ಮುಳುಗಿದ ಮನಸ್ಸನ್ನು ಚಂಚಲವೆಂದು ಹೇಳಿ ಬಿಟ್ಟುಬಿಡದೆ, ಅದಕ್ಕೂ ಧ್ಯಾನವೆಂಬ ಹೆಸರನ್ನೇ ಕೊಟ್ಟಿತು. ಧ್ಯಾನಗಳು ನಾಲ್ಕು: ಆರ್ತ, ರೌದ್ರ, ಧರ್ಮ್ಯ, ಶುಕ್ಲ. ಮೊದಲಿನ ಎರಡು ಸಂಸಾರಕ್ಕೆ ಕಾರಣ, ಕೊನೆಯ ಎರಡು ಮೋಕ್ಷಕ್ಕೆ ಕಾರಣ. ನಾಲ್ಕೂ ಧ್ಯಾನಗಳೇ. ತನಗೆ ಏಕಾಗ್ರತೆಯೇ ಬರುವುದಿಲ್ಲವೆಂದು ಕೊರಗುವ ಶ್ರಾವಕನು ಈ ಎಣಿಕೆಯನ್ನು ನಿಧಾನವಾಗಿ ಯೋಚಿಸಬೇಕು. ಏಕಾಗ್ರತೆ ಅವನಲ್ಲಿ ಮೊದಲಿನಿಂದಲೂ ಇದೆ. ಅದು ಯಾರ ಸೇವೆಯಲ್ಲಿದೆ ಎಂಬುದಷ್ಟೇ ಪ್ರಶ್ನೆ.

ಆರ್ತಧ್ಯಾನದ ನಾಲ್ಕು ಬಗೆಗಳನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಬೇಡವಾದುದು ಬಂದು ಕೂಡಿಕೊಂಡಾಗ ಅದು ತೊಲಗಲೆಂದು ಮತ್ತೆ ಮತ್ತೆ ಚಿಂತಿಸುವುದು ಅನಿಷ್ಟಸಂಯೋಗ. ನ್ಯಾಯಾಲಯದಲ್ಲಿ ವರ್ಷಗಟ್ಟಲೆ ನಡೆಯುವ ಜಮೀನಿನ ವ್ಯಾಜ್ಯದವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ರಿಯವಾದುದು ಅಗಲಿದಾಗ ಇಷ್ಟವಿಯೋಗ. ಕುಳಿತಲ್ಲಿ ಮೊಣಕಾಲು ನೋಯುತ್ತಿರಲು ಆ ನೋವನ್ನೇ ಚಿಂತಿಸುವುದು ವೇದನೆ. ನಾಲ್ಕನೆಯದಾದ ನಿದಾನವು ವ್ರತಿಗಳ ಮನೆಯಲ್ಲಿಯೇ ಹೆಚ್ಚು: ಈ ಉಪವಾಸದಿಂದ ಮಗನಿಗೆ ಉದ್ಯೋಗವಾಗಲಿ, ಮಗಳ ಸಂಬಂಧ ಕೂಡಿಬರಲಿ ಎಂದು ವ್ರತವನ್ನು ಬೆಲೆಗೆ ಇಡುವುದು.

ಈ ಸೀಮೆಯ ಆರ್ತಕ್ಕೆ ಮತ್ತೊಂದು ಮುಖವೂ ಉಂಟು, ಅದು ಮಳೆ. ಹಿರಿಯೂರಿನ ಬಳಿಯ ವಾಣಿವಿಲಾಸ ಸಾಗರವನ್ನು ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಕಟ್ಟತೊಡಗಿ 1907ರಲ್ಲಿ ಮುಗಿಸಿದರು. ಅದು 1933ರಲ್ಲಿ ಕೋಡಿ ಬಿದ್ದಿತು. ಮತ್ತೊಮ್ಮೆ ಕೋಡಿ ಬೀಳುವುದನ್ನು ಕಾಣಲು ಜನ 2022ರವರೆಗೆ, 89 ವರ್ಷ ಕಾಯಬೇಕಾಯಿತು. ಮೊದಲಿನದನ್ನು ಕಂಡವರ ಮೊಮ್ಮಕ್ಕಳು ಎರಡನೆಯದನ್ನು ಕಂಡರು. ಇಂಥ ನಾಡಿನಲ್ಲಿ ಶೇಂಗಾ ಬಿತ್ತಿದವನ ಕಣ್ಣು ಪೂಜೆಯ ನಡುವೆ ಮುಗಿಲಿಗೆ ಹೋದರೆ ಅದನ್ನು ಅಪರಾಧವೆಂದು ಎಣಿಸುವುದು ಸರಿಯಲ್ಲ. ಬೇಸಾಯಗಾರನು ಮಳೆಯನ್ನು ಚಿಂತಿಸಲೇಬೇಕು. ಬೀಜ, ನೀರು, ಸಾಲಗಳ ಲೆಕ್ಕವನ್ನು ಮಾಡಲೇಬೇಕು. ಚಿಂತನೆಯಿಂದ ಒಂದು ನಿರ್ಧಾರ ಹುಟ್ಟುವವರೆಗೆ ಅದು ಗೃಹಸ್ಥನ ಕರ್ತವ್ಯ. ನಿರ್ಧಾರವಾದ ಮೇಲೆಯೂ ಅದೇ ಲೆಕ್ಕವನ್ನು ನೂರು ಬಾರಿ ತಿರುವಿಹಾಕುವಾಗ ಅದು ಆರ್ತವಾಗುತ್ತದೆ. ಅದರಿಂದ ಒಂದು ಹನಿಯೂ ಬೀಳುವುದಿಲ್ಲ.

ಕ್ರೋಧ, ಮಾನ, ಮಾಯೆ, ಲೋಭಗಳೆಂಬ ಕಷಾಯಗಳ ವಿಷಯದಲ್ಲಿ ವ್ರತಿಗಳು ಸಾಮಾನ್ಯವಾಗಿ ಎಚ್ಚರದಿಂದಿರುತ್ತಾರೆ. ಉಪವಾಸದ ದಿನ ಕೋಪ ಬರಬಾರದೆಂದು ಮಕ್ಕಳಿಗೂ ಗೊತ್ತು. ಎಚ್ಚರ ತಪ್ಪುವುದು ನೋಕಷಾಯಗಳಲ್ಲಿ. ಹಾಸ್ಯ, ರತಿ, ಅರತಿ, ಶೋಕ, ಭಯ, ಜುಗುಪ್ಸೆ ಮತ್ತು ಮೂರು ವೇದಗಳೆಂದು ಇವು ಒಂಬತ್ತು. ಅಲ್ಪ ಕಷಾಯಗಳೆಂಬ ಕಾರಣದಿಂದ ಇವಕ್ಕೆ ಆ ಹೆಸರು ಬಂದಿತು. ಆದರೆ ಸಾಮಾಯಿಕದ ಬಾಗಿಲನ್ನು ಮೊದಲು ತಟ್ಟುವವು ಇವೇ. ಕೋಪ ಬಂದರೆ ಮೈ ಬಿಸಿಯಾಗುತ್ತದೆ, ತನಗೇ ತಿಳಿಯುತ್ತದೆ. ಅರತಿ ಎಂದರೆ ಯಾವುದರಲ್ಲಿಯೂ ಮನಸ್ಸು ನಿಲ್ಲದ ಬೇಸರ. ಅದು ಬಂದದ್ದೇ ತಿಳಿಯುವುದಿಲ್ಲ. ಇನ್ನೂ ಆಶ್ಚರ್ಯವೆಂದರೆ, ಗೊಮ್ಮಟಸಾರದಲ್ಲಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಪ್ರಮಾದಗಳನ್ನು ಹದಿನೈದೆಂದು ಎಣಿಸುವಾಗ ನಾಲ್ಕು ವಿಕಥೆ, ನಾಲ್ಕು ಕಷಾಯ, ಐದು ಇಂದ್ರಿಯ, ನಿದ್ರೆ ಇವುಗಳ ಜೊತೆಗೆ ಸ್ನೇಹವನ್ನೂ ಸೇರಿಸಿದ್ದಾರೆ. ಬೆಂಗಳೂರಿನಲ್ಲಿರುವ ಮಗನು ರಾತ್ರಿ ದೂರವಾಣಿ ಮಾಡಲಿಲ್ಲವೆಂಬ ತಾಯಿಯ ಕಳವಳವನ್ನು ಲೋಕದಲ್ಲಿ ಯಾರೂ ದೋಷವೆನ್ನರು. ಆದರೂ ಬೆಳಿಗ್ಗೆ ಜಿನಬಿಂಬದ ಮುಂದೆ ಕುಳಿತಾಗ ಆ ಪ್ರೀತಿಯೂ ಎಚ್ಚರವನ್ನು ಕೋಪದಷ್ಟೇ ಪೂರ್ಣವಾಗಿ ಕದಿಯಬಲ್ಲದು.

ಉಪವಾಸ ಮತ್ತು ಮನಸ್ಸಿನ ಸಂಬಂಧವನ್ನು ಗುಣಭದ್ರಾಚಾರ್ಯರ ಉತ್ತರಪುರಾಣದ ಒಂದು ಪ್ರಸಂಗ ತೋರಿಸುವಷ್ಟು ಸ್ಪಷ್ಟವಾಗಿ ಬೇರೆ ಕಥೆ ತೋರಿಸುವುದು ಅಪರೂಪ. ಚಂಪಾನಗರದ ಅರಸು ಶ್ವೇತವಾಹನನು ಭಗವಾನ್ ಮಹಾವೀರರ ಉಪದೇಶವನ್ನು ಕೇಳಿ, ಮಗ ವಿಮಲವಾಹನನಿಗೆ ರಾಜ್ಯವನ್ನು ಒಪ್ಪಿಸಿ ದೀಕ್ಷೆಯನ್ನು ಪಡೆದು, ಧರ್ಮರುಚಿ ಎಂಬ ಹೆಸರಿನಿಂದ ಪ್ರಸಿದ್ಧನಾದನು. ಒಂದು ತಿಂಗಳ ಉಪವಾಸವನ್ನು ಮುಗಿಸಿ ಆಹಾರಕ್ಕಾಗಿ ರಾಜಗೃಹವನ್ನು ಪ್ರವೇಶಿಸಿದ ದಿನ ಬೀದಿಯಲ್ಲಿ ಮೂವರು ಮನುಷ್ಯರು ಅವನನ್ನು ಕುರಿತು ಮಾತನಾಡಿಕೊಂಡರು. ಅರಸನಾಗುವ ಲಕ್ಷಣಗಳಿದ್ದೂ ಇವನು ಭಿಕ್ಷೆಗೆ ತಿರುಗುವನಲ್ಲ ಎಂದನು ಒಬ್ಬ. ರಾಜ್ಯವನ್ನು ಮಗನಿಗೆ ಬಿಟ್ಟು ತಪಸ್ಸಿಗೆ ಬಂದವನು ಇವನೆಂದನು ಇನ್ನೊಬ್ಬ. ಮೂರನೆಯವನ ಮಾತು ಮಾತ್ರ ಮುಳ್ಳಾಯಿತು: ಇವನ ತಪಸ್ಸಿನಿಂದ ಏನು ಫಲ, ಲೋಕವ್ಯವಹಾರ ತಿಳಿಯದ ಬಾಲಕನ ತಲೆಯ ಮೇಲೆ ಭಾರವನ್ನು ಹೊರಿಸಿ ಬಂದನು, ಮಂತ್ರಿಗಳು ಆ ಮಗನನ್ನು ಬಂಧಿಸಿ ರಾಜ್ಯವನ್ನು ತಾವೇ ಅನುಭವಿಸುತ್ತಿದ್ದಾರೆ.

ತಿಂಗಳ ಹಸಿವನ್ನು ಗೆದ್ದವನು ಈ ಒಂದು ಮಾತನ್ನು ಗೆಲ್ಲಲಾರದೆ ಹೋದನು. ಆಹಾರವನ್ನು ಸ್ವೀಕರಿಸದೆ ಹಿಂದಿರುಗಿ ಒಂದು ಮರದ ಕೆಳಗೆ ಕುಳಿತನು. ಆಸನ ಅದೇ, ಮೌನ ಅದೇ. ಆ ದಾರಿಯಲ್ಲಿ ಸಮವಸರಣಕ್ಕೆ ಹೊರಟಿದ್ದ ಶ್ರೇಣಿಕ ಮಹಾರಾಜನಿಗೆ ಮುನಿಯ ಮುಖದಲ್ಲಿ ಏನೋ ವಿಕಾರ ಕಂಡು, ಅವನು ಗೌತಮ ಗಣಧರರನ್ನು ಕೇಳಿದನು. ಒಳಗೆ ತೀವ್ರ ಕ್ರೋಧದಿಂದ ಆ ಮುನಿಯು ರೌದ್ರಧ್ಯಾನದಲ್ಲಿರುವನೆಂದೂ, ಇನ್ನು ಸ್ವಲ್ಪ ಹೊತ್ತು ಹೀಗೆಯೇ ಇದ್ದರೆ ನರಕಾಯುಷ್ಯಕ್ಕೆ ಯೋಗ್ಯನಾಗುವನೆಂದೂ, ಬೇಗನೆ ಹೋಗಿ ಎಚ್ಚರಿಸಬೇಕೆಂದೂ ಗಣಧರರು ತಿಳಿಸಿದರು. ಶ್ರೇಣಿಕನು ಹೋಗಿ ಹೇಳಿದನು. ಮುನಿಯು ಎಚ್ಚೆತ್ತು ಆ ಧ್ಯಾನವನ್ನು ಬಿಟ್ಟು ಶುಕ್ಲಧ್ಯಾನವನ್ನೇರಿ ಕೇವಲಜ್ಞಾನವನ್ನು ಪಡೆದನು.

ಈ ಕಥೆಯ ಕೊನೆಯ ಭಾಗವನ್ನು ಕೇಳಿ ಭಕ್ತರು ಕೈಮುಗಿಯುತ್ತಾರೆ, ಅದು ಯುಕ್ತವೇ. ಆದರೆ ನಡುವಿನ ಭಾಗವು ಶ್ರಾವಕನಿಗೆ ಹೆಚ್ಚು ಹತ್ತಿರದ್ದು. ರೌದ್ರಧ್ಯಾನವು ಸಂಯತನಿಗೆ ಸಲ್ಲದೆಂದು ಸೂತ್ರವಿದೆ; ಎಂದರೆ ಅದು ಬಂದ ಕ್ಷಣದಲ್ಲಿಯೇ ಅವನ ಒಳಗಿನ ಗುಣಸ್ಥಾನ ಜಾರಿತ್ತು, ಹೊರಗಿನ ಪಿಂಛಿ ಕಮಂಡಲುಗಳು ಮಾತ್ರ ಉಳಿದಿದ್ದವು. ಮೇಲಾಗಿ ಮೂರನೆಯವನ ಮಾತನ್ನು ನಿಜವೇ ಎಂದು ಅವನು ವಿಚಾರಿಸಲೂ ಇಲ್ಲ. ಭಾವೋದ್ರೇಕದ ಮೊದಲ ಪೆಟ್ಟು ಬೀಳುವುದು ವಿವೇಚನೆಯ ಮೇಲೆ. ಇನ್ನೊಂದು ವಿಷಯ: ಅವನು ತಾನಾಗಿ ಎಚ್ಚೆತ್ತುಕೊಳ್ಳಲಿಲ್ಲ, ಮತ್ತೊಬ್ಬರು ಬಂದು ಹೇಳಬೇಕಾಯಿತು. ಮನೆಯಲ್ಲಿ ವ್ರತವನ್ನು ಒಬ್ಬರೇ ಮಾಡುವುದಕ್ಕಿಂತ ಇಬ್ಬರು ಕೂಡಿ ಮಾಡುವುದು ಲೇಸೆಂಬ ಹಿರಿಯರ ಮಾತಿಗೆ ಇದಕ್ಕಿಂತ ದೊಡ್ಡ ಸಮರ್ಥನೆ ಬೇಡ.

ಮನಶ್ಶಾಸ್ತ್ರಜ್ಞರು ಬೇರೆ ದಾರಿಯಿಂದ ಇದೇ ವಿಷಯದ ಬಳಿಗೆ ಬಂದಿದ್ದಾರೆ. ಒಂದು ಕೆಲಸ ಮಾಡುತ್ತಿರುವಾಗ ಅದಕ್ಕೆ ಬೇಕಾದ ಸಂಗತಿಗಳನ್ನು ಮನಸ್ಸು ಆ ಕ್ಷಣಕ್ಕೆ ಕೈಯಳವಿನಲ್ಲಿ ಹಿಡಿದಿರುತ್ತದೆ; ಆ ಅಂಗೈ ಬಹಳ ಚಿಕ್ಕದು. ಚಿಂತೆ, ಕಳವಳಗಳು ಬಂದು ಅದರಲ್ಲಿ ಜಾಗ ಹಿಡಿದುಕೊಳ್ಳುತ್ತವೆಂದೂ, ಆದ್ದರಿಂದ ಅದೇ ಕೆಲಸಕ್ಕೆ ಹೆಚ್ಚು ಶ್ರಮ ತಗಲುತ್ತದೆಂದೂ 1992ರಲ್ಲಿ ಮೈಕೆಲ್ ಐಸೆಂಕ್ ಮತ್ತು ಮ್ಯಾನುಯೆಲ್ ಕಾಲ್ವೊ ಎಂಬ ವಿದ್ವಾಂಸರು ಪ್ರತಿಪಾದಿಸಿದರು. ಹಾರ್ವರ್ಡ್ ವಿಶ್ವವಿದ್ಯಾಲಯದ ಕಿಲ್ಲಿಂಗ್ಸ್‌ವರ್ತ್ ಮತ್ತು ಗಿಲ್ಬರ್ಟ್ ಎಂಬವರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 2250 ವಯಸ್ಕರನ್ನು ಹೊತ್ತಲ್ಲದ ಹೊತ್ತಿನಲ್ಲಿ ಮೊಬೈಲಿನ ಮೂಲಕ ಕೇಳಲಾಗಿ, ಶೇಕಡಾ 46.9 ಸಲ ಅವರ ಮನಸ್ಸು ಮಾಡುತ್ತಿದ್ದ ಕೆಲಸದಲ್ಲಿ ಇರಲಿಲ್ಲ. ಅಂಥ ಹೊತ್ತಿನಲ್ಲಿ ಅವರ ಸಂತೋಷವೂ ಕಡಿಮೆಯಾಗಿತ್ತು. ಮನಸ್ಸಿನ ಅಲೆದಾಟವನ್ನು ಅಳೆಯಲು ಆರಿಸಿಕೊಂಡ ಉಪಕರಣವೇ ಈಗ ಅತಿ ಹೆಚ್ಚು ಅಲೆದಾಡಿಸುತ್ತಿರುವುದು ಒಂದು ವಿನೋದ.

ಇದು ಕೇವಲ ಜಪತಪದವರ ಮಾತಲ್ಲ. ಪಿ.ಯು.ಸಿ. ಪರೀಕ್ಷೆಗೆ ಓದುವ ಹುಡುಗಿಯು ಒಂದೇ ಪುಟವನ್ನು ನಾಲ್ಕು ಸಲ ಓದಿ, ತಲೆಗೆ ಹತ್ತುವುದಿಲ್ಲವೆಂದು ಅಳುವಾಗ ಹಿರಿಯರು ಅವಳ ಬುದ್ಧಿಯನ್ನು ಶಂಕಿಸುತ್ತಾರೆ. ಹಿಂದಿನ ರಾತ್ರಿ ನಡುಮನೆಯಲ್ಲಿ ಆಸ್ತಿಯ ವಿಷಯವಾಗಿ ನಡೆದ ಜಗಳ ಗೋಡೆಯಾಚೆ ಅವಳಿಗೆ ಕೇಳಿಸಿತ್ತೆಂಬುದು ಯಾರಿಗೂ ನೆನಪಾಗುವುದಿಲ್ಲ. ಚಿಕ್ಕಪ್ಪನ ಮನೆಗೆ ಇನ್ನು ಹೋಗುವಂತಿಲ್ಲವೇ ಎಂಬ ಪ್ರಶ್ನೆ ಪುಸ್ತಕಕ್ಕಿಂತ ಮುಂದೆ ಬಂದು ಕುಳಿತಿದೆ. ಮಾತನಾಡಿದವರು ಬೆಳಿಗ್ಗೆ ಎದ್ದು ಬಸದಿಗೆ ಹೋಗಿ ಅಭಿಷೇಕ ನೋಡಿ ಬಂದರು. ಕಷಾಯದ ಫಲವನ್ನು ಉಣ್ಣುತ್ತಿರುವವಳು ಮಗಳು. ಒಬ್ಬರ ಪ್ರಾಣವನ್ನು ನೋಯಿಸದಂತೆ ನೀರನ್ನು ಸೋಸಿ ಕುಡಿಯುವ ಮನೆಯಲ್ಲಿ ಇನ್ನೊಬ್ಬರ ಎಚ್ಚರವನ್ನು ನೋಯಿಸುವುದೂ ಹಿಂಸೆಯ ಲೆಕ್ಕಕ್ಕೆ ಬರಬೇಕು.

ಚಿತ್ರದುರ್ಗವು ಏಳು ಸುತ್ತಿನ ಕೋಟೆ. ಹೈದರಾಲಿಯ ಸೈನ್ಯಕ್ಕೆ ಆ ಸುತ್ತುಗಳನ್ನು ಭೇದಿಸುವುದು ಕಷ್ಟವಾದಾಗ ಅವರು ನುಸುಳಲು ಹುಡುಕಿದ್ದು ಒಬ್ಬ ಮನುಷ್ಯ ಮಾತ್ರ ತೂರಬಹುದಾದ ಕಿಂಡಿಯನ್ನು. ಅದೂ ಕಾವಲುಗಾರನು ಊಟಕ್ಕೆ ಹೋದ ಹೊತ್ತನ್ನು ನೋಡಿ ಎಂದು ಜನ ಹೇಳುತ್ತಾರೆ. ಓಬವ್ವನ ಒನಕೆಯ ಮಾತು ಇಲ್ಲಿ ಬೇಡ, ಕಿಂಡಿಯ ಮಾತು ಸಾಕು. ಅಷ್ಟಮಿ ಚತುರ್ದಶಿಗಳ ಉಪವಾಸ, ರಾತ್ರಿಭೋಜನತ್ಯಾಗ, ಕಂದಮೂಲತ್ಯಾಗ, ದೇವದರ್ಶನ ಇವೆಲ್ಲ ಸುತ್ತುಗಳಂತೆ ಭದ್ರವಾಗಿರುವ ಮನೆಗಳಲ್ಲಿಯೂ ಆಸ್ರವವು ಬರುವುದು ಅರಗಳಿಗೆಯ ಅನಾದರದಿಂದ.

ಹಾಗೆಂದು ಭಯದಿಂದ ಮನಸ್ಸನ್ನು ಕಟ್ಟಿಹಾಕಬೇಕೆ? ಭರತ ಚಕ್ರವರ್ತಿಯು ತನ್ನ ವೈರಾಗ್ಯವನ್ನು ಶಂಕಿಸಿದವನ ಕೈಗೆ ಎಣ್ಣೆ ತುಂಬಿದ ಬಟ್ಟಲನ್ನು ಕೊಟ್ಟು, ಒಂದು ಹನಿ ಚೆಲ್ಲಿದರೂ ತಲೆ ಕತ್ತರಿಸುವ ಭಟನನ್ನು ಹಿಂದೆ ಕಳುಹಿಸಿ, ಅಯೋಧ್ಯೆಯ ಬೀದಿಗಳಲ್ಲಿ ತಿರುಗಿಸಿದನೆಂಬ ಕಥೆಯನ್ನು ಪ್ರವಚನಗಳಲ್ಲಿ ಮೆಚ್ಚಿ ಹೇಳುವುದುಂಟು. ಚಕ್ರವರ್ತಿಯ ನಿರ್ಲಿಪ್ತತೆಯನ್ನು ತಿಳಿಸಲು ಅದು ಒಳ್ಳೆಯ ದೃಷ್ಟಾಂತ. ಸಾಮಾಯಿಕಕ್ಕೆ ಅದು ಅಷ್ಟು ಹೊಂದುವುದಿಲ್ಲ. ಬಟ್ಟಲು ಹಿಡಿದವನ ಏಕಾಗ್ರತೆ ಕತ್ತಿಯ ಏಕಾಗ್ರತೆ, ಭಯವೂ ನೋಕಷಾಯವೇ. ಪಾಪ ಬರುವುದೆಂಬ ಹೆದರಿಕೆಯಿಂದ ಹಲ್ಲು ಕಚ್ಚಿ ಕುಳಿತವನು ಸಾಮಾಯಿಕ ಮುಗಿದೊಡನೆ ಬಿಡುಗಡೆಯಾದವನಂತೆ ಏಳುತ್ತಾನೆ. ಸಮತೆಯಲ್ಲಿ ಕುಳಿತವನಿಗೆ ಹಾಗೆ ಏಳುವ ಆತುರ ಇರುವುದಿಲ್ಲ.

ಮನಸ್ಸು ಓಡಿತೆಂಬ ಕಾರಣದಿಂದ ವ್ರತವನ್ನೇ ಬಿಟ್ಟವರು ಎಲ್ಲ ಊರುಗಳಲ್ಲಿಯೂ ಉಂಟು. ಹೊಟ್ಟೆ ಹಸಿದದ್ದೊಂದೇ ಲಾಭವಾಯಿತು, ಮನಸ್ಸು ನಿಲ್ಲದ ಮೇಲೆ ಈ ಆಡಂಬರವೇಕೆ ಎನ್ನುತ್ತಾರೆ. ಪ್ರಾಮಾಣಿಕರೇ ಹೀಗೆ ಹೇಳುವುದು ದುಃಖದ ಸಂಗತಿ. ಅಮಿತಗತಿ ಆಚಾರ್ಯರು ಮನಃಶುದ್ಧಿಯ ಹಾನಿಯನ್ನು ಅತಿಕ್ರಮವೆಂದೂ, ಶೀಲದ ಬೇಲಿಯನ್ನು ದಾಟುವುದನ್ನು ವ್ಯತಿಕ್ರಮವೆಂದೂ, ವಿಷಯದಲ್ಲಿ ಪ್ರವರ್ತಿಸುವುದನ್ನು ಅತಿಚಾರವೆಂದೂ, ಅದರಲ್ಲಿಯೇ ಅತಿಯಾಗಿ ಆಸಕ್ತನಾಗುವುದನ್ನು ಅನಾಚಾರವೆಂದೂ ಮೆಟ್ಟಿಲು ಮೆಟ್ಟಿಲಾಗಿ ಬೇರ್ಪಡಿಸಿದ್ದಾರೆ. ಬಟ್ಟೆಗೆ ಕೊಳೆ ತಗುಲಿದರೆ ತೊಳೆಯುತ್ತಾರೆ, ಯಾರೂ ಸುಡುವುದಿಲ್ಲ. ಉತ್ತಮ ಸಂಹನನವುಳ್ಳವನಿಗೂ ಒಂದು ವಸ್ತುವಿನಲ್ಲಿ ಚಿಂತೆಯ ನಿರೋಧವು ಅಂತರ್ಮುಹೂರ್ತದವರೆಗೆ ಮಾತ್ರವೆಂದು ಧ್ಯಾನದ ಲಕ್ಷಣದಲ್ಲಿಯೇ ಹೇಳಿರುವಾಗ, ಈ ಕಾಲದ ದುರ್ಬಲ ಶರೀರದ ಗೃಹಸ್ಥನು ನಲವತ್ತೆಂಟು ನಿಮಿಷಗಳೂ ಕದಲಲಿಲ್ಲವೆಂದರೆ ಅದನ್ನು ನಂಬುವುದೇ ಕಷ್ಟ. ಆರ್ತಧ್ಯಾನವು ಪ್ರಮತ್ತಸಂಯತ ಮುನಿಯವರೆಗೂ ಸಂಭವಿಸುವುದೆಂದು ಸೂತ್ರಕಾರರೇ ಒಪ್ಪಿದ್ದಾರೆ. ಮನಸ್ಸು ಹೋದದ್ದು ತಿಳಿದೊಡನೆ ತನ್ನನ್ನು ಹಳಿದುಕೊಳ್ಳುತ್ತ ಕುಳಿತರೆ ಅದು ಮತ್ತೊಂದು ಆರ್ತ. ಒಂಬತ್ತು ಸಲ ಪಂಚನಮಸ್ಕಾರ, ಇಪ್ಪತ್ತೇಳು ಉಸಿರು, ಒಂದು ಕಾಯೋತ್ಸರ್ಗ. ಅಷ್ಟು ಮಾಡಿ ಬಿಟ್ಟಲ್ಲಿಂದ ಮುಂದುವರಿಸುವುದು.

ನಿಜವಾದ ಸಿದ್ಧತೆ ಹಿಂದಿನ ದಿನದ್ದು. ಉತ್ಕೃಷ್ಟ ಪ್ರೋಷಧೋಪವಾಸಕ್ಕೆ ಹದಿನಾರು ಪ್ರಹರಗಳ ಕಾಲವನ್ನು ಹೇಳಿರುವರು: ಸಪ್ತಮಿ ಅಥವಾ ತ್ರಯೋದಶಿಯ ಏಕಭುಕ್ತದ ನಂತರ ಮಧ್ಯಾಹ್ನದಿಂದ ಆರಂಭವಾಗಿ, ಪರ್ವದಿನವೆಲ್ಲ ಕಳೆದು, ಮರುದಿನದ ಮಧ್ಯಾಹ್ನದವರೆಗೆ. ಉಪವಾಸ ಒಂದು ದಿನದ್ದಾದರೆ ಹಿಂದಿನ ಅರ್ಧದಿನವೇಕೆ? ಹೊಟ್ಟೆಯನ್ನು ಹಗುರ ಮಾಡುವುದಕ್ಕೆಂದು ಎಲ್ಲರೂ ಹೇಳುತ್ತಾರೆ. ಮನಸ್ಸನ್ನು ಹಗುರ ಮಾಡುವುದಕ್ಕೂ ಅದೇ ಹೊತ್ತು. ಕೂಲಿಯವರಿಗೆ ಕೊಡಬೇಕಾದುದನ್ನು ತ್ರಯೋದಶಿಯ ಸಂಜೆಯೊಳಗೆ ಕೊಡುವುದು, ಅಂಗಡಿಯ ಲೆಕ್ಕವನ್ನು ಬರೆದು ಮುಚ್ಚುವುದು, ಮಗನಿಗೆ ತಾನೇ ದೂರವಾಣಿ ಮಾಡಿ ವಿಚಾರಿಸಿಕೊಳ್ಳುವುದು, ಮಾತು ಬಿಟ್ಟ ತಮ್ಮನ ಮನೆಗೆ ಹೋಗಿ ಕುಳಿತು ಬರುವುದು ಇವು ಯಾವ ವಿಧಾನಪುಸ್ತಕದಲ್ಲಿಯೂ ಪೂಜಾದ್ರವ್ಯಗಳ ಪಟ್ಟಿಯ ಜೊತೆಗೆ ಬರೆದಿಲ್ಲ. ಆದರೆ ಮರುದಿನ ಜಪಮಾಲೆಯನ್ನು ಹಿಡಿದಾಗ ಅವುಗಳ ಬೆಲೆ ತಿಳಿಯುತ್ತದೆ. ದಶಲಕ್ಷಣ ಪರ್ವದ ಕೊನೆಗೆ ವರ್ಷಕ್ಕೊಮ್ಮೆ ಕೇಳುವ ಕ್ಷಮೆಯನ್ನು ಪ್ರತಿ ತ್ರಯೋದಶಿಯಲ್ಲಿಯೂ ಕೇಳಿದರೆ ತಪ್ಪೇನೂ ಇಲ್ಲ.

ಆದರೆ ಲೆಕ್ಕವನ್ನು ಮುಗಿಸಲು ಎದುರಿಗೆ ಮನುಷ್ಯನೇ ಇಲ್ಲದ ದುಃಖ ಒಂದುಂಟು. ಅಗಲಿದವರು ಯಾವ ಸಂಜೆಯೂ ಬಾಗಿಲನ್ನು ತೆರೆಯುವುದಿಲ್ಲ. ಇಷ್ಟವಿಯೋಗದ ಆರ್ತವನ್ನು ಹಿಂದಿನ ದಿನದ ಯಾವ ಸಿದ್ಧತೆಯೂ ತೀರಿಸಲಾರದು; ಮನೆಯಲ್ಲಿ ಸಾವಾದ ವರ್ಷ ಸಾಮಾಯಿಕದಲ್ಲಿ ಕಣ್ಣು ಮುಚ್ಚಿದೊಡನೆ ಮೊದಲು ಕಾಣುವುದು ಜಿನಬಿಂಬವಲ್ಲ, ಆ ಮುಖ. ಅಂಥವರು ಹೊಸದುರ್ಗ ತಾಲ್ಲೂಕಿನ ಹೆಗ್ಗೆರೆಗೆ ಒಮ್ಮೆ ಹೋಗಿ ಬರಬಹುದು. ಅಲ್ಲಿ ಹೊಯ್ಸಳರ ಕಾಲದ ಪಾರ್ಶ್ವನಾಥ ಬಸದಿಯಿದೆ. ಹುಳಿಯೇರನ್ನು ಆಳುತ್ತಿದ್ದ ಸಾಮಂತ ಗೋವಿದೇವನು ತೀರಿಹೋದ ತನ್ನ ಮಡದಿ ಮಹಾದೇವಿ ನಾಯಕಿತಿಯ ನೆನಪಿಗಾಗಿ 1160ರ ಸುಮಾರಿಗೆ ಆ ಚೆನ್ನಪಾರ್ಶ್ವ ಬಸದಿಯನ್ನು ಮಾಡಿಸಿದನೆಂದು ಶಾಸನದಿಂದ ತಿಳಿಯುತ್ತದೆ. ಅವನು ಎಷ್ಟು ಅತ್ತನೆಂದು ಶಾಸನಗಳು ಹೇಳುವುದಿಲ್ಲ, ಅದು ಅವುಗಳ ಕೆಲಸವೂ ಅಲ್ಲ. ಆಕೆಯನ್ನು ಮರೆಯುವ ಪ್ರಯತ್ನವನ್ನು ಅವನು ಮಾಡಲಿಲ್ಲವೆಂಬುದು ಮಾತ್ರ ನಿಶ್ಚಯ. ನೆನಪು ಓಡುತ್ತಿದ್ದ ದಾರಿಯಲ್ಲಿಯೇ ಒಂದು ಗರ್ಭಗೃಹವನ್ನು ಕಟ್ಟಿಸಿದನು. ಆ ದಾರಿಯಲ್ಲಿ ಹೋದ ಮನಸ್ಸು ಕೊನೆಗೆ ನಿಲ್ಲುವುದು ಪಾರ್ಶ್ವನಾಥನ ಮುಂದೆ. ಎಂಟುನೂರು ವರ್ಷಗಳು ಕಳೆದ ಮೇಲೆಯೂ ಮಹಾದೇವಿ ನಾಯಕಿತಿಯ ಹೆಸರು ಉಳಿದಿರುವುದು ಆ ತೀರ್ಥಂಕರನ ಹೆಸರಿನ ಜೊತೆಯಲ್ಲಿಯೇ.